ಹೊಟ್ಟೆ ತುಂಬಿದವರೂ ಜಿಂಕೆ ಬೇಟೆಗೆ ಯಾಕೆ ಹೋಗುತ್ತಾರೆ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಕಾಡಂಚಿನ ಊರು. ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಊಟಕ್ಕೆ ಬಟ್ಟೆಗೆ ಕೊರತೆಯಿಲ್ಲ. ನನ್ನ ತಮ್ಮ ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಗೆಳೆಯರ ಜೊತೆ ರಾತ್ರಿ ಶಿಕಾರಿಗೆ ಹೋಗುತ್ತಾನೆ. ಕಡವೆ, ಜಿಂಕೆ, ಕಾಡುಕುರಿ, ಯಾವುದು ಸಿಕ್ಕರೂ ಸರಿ. ಯಾಕೆ ಅಂತ ಕೇಳಿದರೆ ಒಂದು ಸಲ 'ಗದ್ದೆ ತಿಂದು ಹಾಕ್ತವೆ' ಅಂತಾನೆ. ಇನ್ನೊಂದು ಸಲ 'ಅಜ್ಜನೂ ಹೊಡೀತಿದ್ರಲ್ಲ' ಅಂತಾನೆ. ಚಿಕ್ಕವನಿದ್ದಾಗ ಗಾಯವಾದ ಹಕ್ಕಿಯನ್ನು ಮನೆಗೆ ತಂದು ಸಾಕುತ್ತಿದ್ದ ಹುಡುಗ ಇವನು. ಜಿಂಕೆಯನ್ನು ಹೊಡೆಯಬೇಕು ಅಂತ ಮನುಷ್ಯರಿಗೆ ಯಾಕೆ ಅನ್ನಿಸುತ್ತದೆ? ಇವನನ್ನು ನಿಲ್ಲಿಸುವುದು ಹೇಗೆ?

ಉತ್ತರ: ನಿಮ್ಮ ತಮ್ಮ ಎರಡು ಸಲಕ್ಕೆ ಎರಡು ಕಾರಣ ಹೇಳಿದ್ದಾನಲ್ಲ, ಅಲ್ಲಿಂದಲೇ ಶುರು ಮಾಡೋಣ. ಅವನು ನಿಮಗೆ ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಅನ್ನಿಸುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಕಾಡಂಚಿನ ಊರುಗಳಲ್ಲಿ ಬೇಟೆಗೆ ಹೋಗುವವರ ಜೊತೆ, ಬೇಟೆ ಬಿಟ್ಟವರ ಜೊತೆ ಮಾತಾಡುವುದು ನನ್ನ ಕೆಲಸದ ದೊಡ್ಡ ಭಾಗ. ಒಬ್ಬನೇ ಮನುಷ್ಯ ಫಾರೆಸ್ಟಿನವರ ಮುಂದೆ ಬೆಳೆ ಹಾನಿಯ ಮಾತಾಡುತ್ತಾನೆ. ಮನೆಯಲ್ಲಿ 'ಮಕ್ಕಳಿಗೆ ಒಳ್ಳೆ ಮಾಂಸ' ಅನ್ನುತ್ತಾನೆ. ಗೆಳೆಯರ ನಡುವೆ 'ಏನು ಮಜಾ ಮಾರಾಯ' ಅನ್ನುತ್ತಾನೆ. ನನ್ನಂಥವರು ನೋಟ್‌ಬುಕ್ ತೆಗೆದರೆ ಸಂಪ್ರದಾಯ ಅನ್ನುತ್ತಾನೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಿಜ ಇರುತ್ತದೆ. ಕೇಳುವವರು ಯಾವುದನ್ನು ಒಪ್ಪುತ್ತಾರೋ ಅದು ಮೊದಲು ಬಾಯಿಗೆ ಬರುತ್ತದೆ, ಅಷ್ಟೇ.

ಈ ಪ್ರಶ್ನೆಯನ್ನು ಜಾಸ್ತಿ ಅಧ್ಯಯನ ಮಾಡಿದವರು ಅಮೆರಿಕದವರು. 1970ರ ದಶಕದ ಕೊನೆಯಲ್ಲಿ ಸ್ಟೀಫನ್ ಕೆಲ್ಲರ್ಟ್ ಎಂಬ ಸಂಶೋಧಕರು ಅಲ್ಲಿನ ಬೇಟೆಗಾರರನ್ನು ಮೂರು ಬಗೆಯಾಗಿ ನೋಡಿದರು. ಮಾಂಸಕ್ಕಾಗಿ ಹೋಗುವವರು, ಆಟವಾಗಿ, ಗೆಲುವಾಗಿ ನೋಡುವವರು, ಮತ್ತು ಕಾಡಿನ ಒಡನಾಟಕ್ಕಾಗಿ ಹೋಗುವವರು. 1998ರಲ್ಲಿ ಮುತ್ ಮತ್ತು ಬೋವ್ ಎಂಬಿಬ್ಬರು ಕಾನೂನು ಮುರಿದು ಬೇಟೆಯಾಡುವವರನ್ನೇ ಬೇರೆಯಾಗಿ ತೆಗೆದುಕೊಂಡರು. ಹಣ, ಮನೆಯ ಊಟ, ಮೋಜು, ಕೊಂಬಿನ ಆಸೆ, ಕೊಲ್ಲುವ ರೋಮಾಂಚನ, ಬೆಳೆ ರಕ್ಷಣೆ, ಸರ್ಕಾರದ ಮೇಲಿನ ಸಿಟ್ಟು, 'ಇದು ನಮ್ಮ ಹಕ್ಕು' ಎಂಬ ಭಾವನೆ, ಕಾನೂನೇ ತಪ್ಪು ಎಂಬ ನಂಬಿಕೆ, ಗಾರ್ಡಿನ ಕಣ್ಣು ತಪ್ಪಿಸುವ ಆಟ, ಹೀಗೆ ಹತ್ತು ಕಾರಣ ಕೊಟ್ಟರು. ಈ ಹತ್ತೂ ನನಗೆ ಮಲೆನಾಡಿನಲ್ಲಿ ಸಿಕ್ಕಿವೆ. ಆದರೆ ನಿಮ್ಮ ತಮ್ಮನಂಥ ಹುಡುಗರ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡದು ಬೇರೆಯೇ ಇದೆ. ಅದನ್ನು ಹೇಳುವ ಮೊದಲು ಅವನು ಕೊಡುವ ಕಾರಣಗಳನ್ನು ನೋಡಿಬಿಡೋಣ.

ಮಾಂಸದ್ದು ಬೇಗ ಮುಗಿಯುತ್ತದೆ. ಒಂದು ಕಾಲದಲ್ಲಿ ಇದು ನಿಜವಾದ ಕಾರಣವಾಗಿತ್ತು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಪೇಟೆಯ ಮುಖ ಕಾಣದ ಊರುಗಳು ಇದ್ದವು. ಕಾಡಿನ ಮಾಂಸವನ್ನು ಉಪ್ಪು ಹಚ್ಚಿ ಒಲೆಯ ಮೇಲೆ ಒಣಗಿಸಿ ಇಟ್ಟುಕೊಂಡು ದಿನ ದೂಡಿದ ಮನೆಗಳಿದ್ದವು. ಇವತ್ತು ಕೋಳಿ ಅಂಗಡಿ ಇಲ್ಲದ ಊರು ಯಾವುದಿದೆ ಹೇಳಿ. ಜೀಪಿನ ಡೀಸೆಲ್, ತೋಟಾ, ನಿದ್ದೆಗೆಟ್ಟ ರಾತ್ರಿ ಎಲ್ಲ ಲೆಕ್ಕ ಹಾಕಿದರೆ ಅಂಗಡಿ ಮಾಂಸವೇ ಅಗ್ಗ. ಶಿಕಾರಿ ಮಾಂಸ ಉಷ್ಣ, ಮಂಡಿನೋವಿಗೆ ಒಳ್ಳೆಯದು, ಬಾಣಂತಿಗೆ ಒಳ್ಳೆಯದು ಅಂತ ಹೇಳುವವರು ಈಗಲೂ ಇದ್ದಾರೆ. ಯಾವ ವೈದ್ಯರೂ ಅದನ್ನು ಬರೆದುಕೊಡುವುದಿಲ್ಲ. ರುಚಿ ಬೇರೆ ಇರುತ್ತದೆ ಅನ್ನುವುದು ನಿಜವೇ ಇರಬಹುದು. ಆದರೆ ಬರೀ ರುಚಿಗಾಗಿ ಯಾರೂ ಮೂರು ರಾತ್ರಿ ಬರಿಗೈಯಲ್ಲಿ ಬಂದು ನಾಲ್ಕನೇ ರಾತ್ರಿ ಮತ್ತೆ ಹೊರಡುವುದಿಲ್ಲ.

ಬೆಳೆಯ ಮಾತು ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಕಾಡಂಚಿನ ರೈತರ ಕಷ್ಟ ನನಗೆ ಗೊತ್ತು. ಸಸಿಮಡಿಗೆ ಜಿಂಕೆ ಹಿಂಡು ಒಂದು ರಾತ್ರಿ ನುಗ್ಗಿದರೆ ಆ ವರ್ಷದ ನಾಟಿಯೇ ತಡವಾಗುತ್ತದೆ. ಕಡವೆ ಎಳೆ ಅಡಿಕೆ ಸಸಿಯ ಸುಳಿ ತಿಂದುಹಾಕುತ್ತದೆ, ಕೊಂಬು ಉಜ್ಜಿ ಗಿಡ ಮುರಿಯುತ್ತದೆ. ಮಾಳದ ಮೇಲೆ ಕೂತು, ಡಬ್ಬ ಬಡಿದು, ಗರ್ನಾಲು ಹೊಡೆದು, ಬೆಳಿಗ್ಗೆ ಮತ್ತೆ ಗದ್ದೆ ಕೆಲಸಕ್ಕೆ ಇಳಿಯುವವರ ಮುಂದೆ 'ಪ್ರಾಣಿ ದಯೆ' ಅಂತ ಉಪದೇಶ ಮಾಡುವುದು ಸರಿಯಲ್ಲ.

ಆದರೆ ಒಂದು ವಿಷಯ ಗಮನಿಸಿ. ಬೆಳೆ ಕಾಯುವವನು ತನ್ನ ಗದ್ದೆಯ ಬದುವಿನಲ್ಲಿ ಇರುತ್ತಾನೆ. ಬೆಳೆ ಇರುವ ತಿಂಗಳಲ್ಲಿ ಇರುತ್ತಾನೆ. ನಿಮ್ಮ ತಮ್ಮ ಹೋಗುವುದು ಯಾವಾಗ? ಹಬ್ಬಕ್ಕೆ ರಜೆ ಸಿಕ್ಕಾಗ. ಎಲ್ಲಿಗೆ? ಊರಿಂದ ದೂರದ ಕಾಡಿನ ರಸ್ತೆಗೆ. ಯುಗಾದಿ ಹೊತ್ತಿಗೆ ನಿಮ್ಮ ಕಡೆ ಎಷ್ಟು ಗದ್ದೆಯಲ್ಲಿ ಫಸಲು ನಿಂತಿರುತ್ತದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬೆಳೆ ಹಾನಿ ಮಾಡಿದ್ದು ಮುಖ್ಯವಾಗಿ ಹಂದಿಯೋ ಮಂಗವೋ ಆಗಿರುತ್ತದೆ, ಗುಂಡು ತಿನ್ನುವುದು ಮಾತ್ರ ಹಳ್ಳದ ಬದಿಯಲ್ಲಿ ಮೇಯುವ ಕಡವೆ. ರೈತನ ಸಿಟ್ಟು ನಿಜ. ಆ ಸಿಟ್ಟಿನ ಹೆಸರು ಹೇಳಿಕೊಂಡು ಹೋಗುವವರೆಲ್ಲ ಆ ರೈತರಲ್ಲ. ಇದರಿಂದ ನಷ್ಟವಾಗುವುದೂ ರೈತನಿಗೇ. ಅವನು ನಿಜವಾದ ಹಾನಿ ಹೇಳಿಕೊಂಡು ಪರಿಹಾರ ಕೇಳಲು ಹೋದಾಗ, ಬೇಲಿಗೆ ಸಹಾಯ ಕೇಳಿದಾಗ, ಎದುರಿಗಿರುವವರು ಅನುಮಾನದಿಂದ ನೋಡುತ್ತಾರೆ.

ಇನ್ನು ಅಜ್ಜನ ಮಾತು. ಅಜ್ಜ ಹೊಡೆಯುತ್ತಿದ್ದರು ಅನ್ನುವುದು ಖಂಡಿತ ನಿಜ ಇರುತ್ತದೆ. ಮಲೆನಾಡಿನ ಹಳೆಯ ಮನೆಗಳ ಜಗಲಿಯಲ್ಲಿ ಕಡವೆ ಕೊಂಬು ಇಲ್ಲದ ಗೋಡೆ ಕಡಿಮೆ. ಅದಕ್ಕೆ ಕೊಡೆ, ಟವೆಲ್, ಕ್ಯಾಲೆಂಡರ್ ತೂಗಿಹಾಕುತ್ತಿದ್ದರು. ಅದಕ್ಕೂ ಹಿಂದೆ ಹೋದರೆ ಬೇಟೆ ದೊರೆಗಳ ಹೆಮ್ಮೆ. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ಬೇಟೆ ಬರುವುದೇ ರಾಜನ ವಿನೋದಗಳ ಸಾಲಿನಲ್ಲಿ. ದೊರೆ ಮಾಡಿದ್ದನ್ನು ಪಾಳೇಗಾರ ಮಾಡಿದ, ಪಾಳೇಗಾರ ಮಾಡಿದ್ದನ್ನು ಊರಿನ ಗೌಡ, ಪಟೇಲ ಮಾಡಿದರು. ಕೋವಿ ಇದ್ದ ಮನೆಗೆ ಒಂದು ತೂಕ ಇತ್ತು. ಆ ತೂಕ ಇನ್ನೂ ಪೂರ್ತಿ ಇಳಿದಿಲ್ಲ.

ಆದರೆ ಅಜ್ಜನ ಬೇಟೆಗೂ ಮೊಮ್ಮಗನ ಬೇಟೆಗೂ ಬಹಳ ವ್ಯತ್ಯಾಸವಿದೆ. ಅಜ್ಜನ ಕೈಯಲ್ಲಿ ಇದ್ದದ್ದು ಕೇಪಿನ ಕೋವಿ. ಮದ್ದು ತುಂಬಿ, ಚರೆ ಹಾಕಿ, ಗಜದಲ್ಲಿ ಜಡಿದು ಒಂದು ಈಡು ಹೊಡೆದರೆ ಮತ್ತೆ ತುಂಬುವಷ್ಟರಲ್ಲಿ ಪ್ರಾಣಿ ಗುಡ್ಡ ದಾಟಿರುತ್ತಿತ್ತು. ಹಳು ನುಗ್ಗಿಸುವ, ಅಂದರೆ ಪೊದೆಯಿಂದ ಪ್ರಾಣಿಯನ್ನು ಓಡಿಸಿ ಹೊಡೆಯುವ ಬೇಟೆಗೆ ಊರಿನ ಅರ್ಧ ಜನ ಬೇಕಿತ್ತು. ಮರಸು ಕೂರುವವನು, ಅಂದರೆ ಅಡಗಿ ಕಾಯುವವನು, ನೆಲ್ಲಿಮರದ ಮೇಲೋ ತಾರೆಮರದ ಮೇಲೋ ಕೆಮ್ಮದೆ, ಬೀಡಿ ಸೇದದೆ ರಾತ್ರಿ ಕಳೆಯಬೇಕಿತ್ತು. ಗಬ್ಬದ ಪ್ರಾಣಿಗೆ ಹೊಡೆಯಬಾರದು, ಮರಿ ಜೊತೆಗಿರುವುದಕ್ಕೆ ಹೊಡೆಯಬಾರದು ಅಂತ ಹಿರಿಯರು ಗದರಿಸುತ್ತಿದ್ದರು. ಎಲ್ಲರೂ ಪಾಲಿಸುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಗದರಿಸುವವರಾದರೂ ಇದ್ದರು.

ಈಗಿನ ರಾತ್ರಿ ಬೇಟೆಯನ್ನು ನೋಡಿ. ಜೀಪಿನ ಮೇಲಿಂದ, ಇಲ್ಲವೇ ತಲೆಗೆ ಕಟ್ಟಿದ ಲೈಟಿನಿಂದ ಕಾಡಿನ ಮೇಲೆ ಬೆಳಕು ಹಾಯಿಸುತ್ತಾರೆ. ಜಿಂಕೆ, ಕಡವೆಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಕಳಿಸುವ ಒಂದು ಪದರ ಇದೆ. ಕತ್ತಲಲ್ಲಿ ಇರುವ ಅಷ್ಟಿಷ್ಟು ಬೆಳಕಲ್ಲೇ ನೋಡಲಿ ಅಂತ ಇರುವ ಏರ್ಪಾಡು ಅದು. ಟಾರ್ಚು ಬಿದ್ದಾಗ ಎರಡು ಕಣ್ಣು ಹೊಳೆಯುವುದು ಅದರಿಂದಲೇ. ಅಷ್ಟು ಬೆಳಕು ಒಮ್ಮೆಗೇ ಬಿದ್ದರೆ ಅದಕ್ಕೆ ಬೇರೇನೂ ಕಾಣುವುದಿಲ್ಲ. ಓಡುವುದು ಯಾವ ಕಡೆಗೆ ಅಂತ ಗೊತ್ತಾಗದೆ ನಿಂತುಬಿಡುತ್ತದೆ. ಹೊಡೆಯುವವನಿಗೂ ಕಾಣುವುದು ಎರಡು ಚುಕ್ಕೆ ಮಾತ್ರ. ಅದು ಗಂಡೋ ಹೆಣ್ಣೋ, ಹೊಟ್ಟೆಯಲ್ಲಿ ಮರಿ ಇದೆಯೋ, ಕೆಲವು ಸಲ ಅದು ಜಿಂಕೆಯೋ ಪಕ್ಕದ ಮನೆಯ ದನವೋ ಅನ್ನುವುದು ಕೂಡ ಹತ್ತಿರ ಹೋಗಿ ನೋಡಿದ ಮೇಲೇ. ಪ್ರಾಣಿ ಅಂದುಕೊಂಡು ಜೊತೆಗೆ ಬಂದ ಗೆಳೆಯನಿಗೇ ಗುಂಡು ಹೊಡೆದ ಸುದ್ದಿಯನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ. ಇದನ್ನು ಅಜ್ಜನ ಲೆಕ್ಕಕ್ಕೆ ಬರೆಯುವುದು ಅಜ್ಜನಿಗೆ ಮಾಡುವ ಅನ್ಯಾಯ.

ನಮ್ಮ ಜಿಲ್ಲೆಯಲ್ಲಿ ಸಿಟ್ಟು ಕೂಡ ದೊಡ್ಡ ಕಾರಣ. ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯಲ್ಲಿ ಮುಳುಗಿದ ಊರುಗಳ ಜನರನ್ನು ತಂದು ಕಾಡಿನ ನಡುವೆ ಬಿಟ್ಟರು. 1972ರಲ್ಲಿ ಶರಾವತಿ ಕಣಿವೆ ಅಭಯಾರಣ್ಯವಾಯಿತು. 1974ರಲ್ಲಿ ಶೆಟ್ಟಿಹಳ್ಳಿಯೂ ಆಯಿತು. ನಾಡಿಗೆ ಕರೆಂಟು ಕೊಟ್ಟವರು ತಮ್ಮ ಜಾಗದ ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿದ್ದಾರೆ. ಅಂಥ ಮನೆಯ ಹುಡುಗ 'ಜಿಂಕೆಗೆ ಇರೋ ಬೆಲೆ ನಮಗಿಲ್ಲ' ಅಂದರೆ ನನ್ನ ಹತ್ತಿರ ತಕ್ಷಣಕ್ಕೆ ಉತ್ತರ ಇರುವುದಿಲ್ಲ. ಅವನು ಹೊಡೆಯುವುದು ಜಿಂಕೆಗೆ, ಅವನ ಮನಸ್ಸಿನಲ್ಲಿ ಇರುವುದು ಇಲಾಖೆ. ಈ ಸಿಟ್ಟು ಹೋಗಬೇಕಾದರೆ ಹಕ್ಕುಪತ್ರ ಸಿಗಬೇಕು. ಗಾರ್ಡುಗಳನ್ನು ಜಾಸ್ತಿ ಮಾಡಿದರೆ ಹೋಗುವುದಿಲ್ಲ. ನಿಮ್ಮ ತಮ್ಮನ ವಿಷಯದಲ್ಲಿ ಇದು ಇದೆಯೋ ಇಲ್ಲವೋ ನೀವೇ ನೋಡಬೇಕು.

ಈಗ ದೊಡ್ಡ ಕಾರಣಕ್ಕೆ ಬರುತ್ತೇನೆ. ಹಸಿಗೆಯ, ಅಂದರೆ ಮಾಂಸ ಕೊಯ್ದು ಪಾಲು ಹಾಕುವ ಹೊತ್ತಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಪ್ರಾಣಿಯನ್ನು ಹಳ್ಳದ ಬದಿಗೋ ಯಾರದೋ ತೋಟದ ಮೂಲೆಗೋ ತಂದು ಹಾಕುತ್ತಾರೆ. ಬಾಳೆ ಎಲೆ ಹಾಸುತ್ತಾರೆ. ಕತ್ತಿ ಹಿಡಿದವನ ಸುತ್ತ ಎಲ್ಲರೂ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಪಾಲು ಹಾಕುವುದಕ್ಕೆ ಒಂದು ಕ್ರಮ ಇದೆ. ಈಡು ಹೊಡೆದವನಿಗೆ ಮೇಲಿನ ಪಾಲು, ಕೆಲವು ಕಡೆ ತಲೆ, ಕೆಲವು ಕಡೆ ತೊಡೆ. ಕೋವಿ ಕೊಟ್ಟ ಮನೆಗೆ ಒಂದು. ನಾಯಿ ತಂದವನಿಗೆ ಒಂದು. ಜೀಪಿನವನಿಗೆ ಒಂದು. ಉಳಿದದ್ದು ಸಮ ಸಮ. ಸುಮ್ನೆ ಲೈಟು ಹಿಡಿದುಕೊಂಡು ಹಿಂದೆ ನಡೆದ ಹುಡುಗನಿಗೂ ಎಲೆಯ ಮೇಲೆ ಒಂದು ಗುಡ್ಡೆ ಬೀಳುತ್ತದೆ. ಅಲ್ಲಿ ಆಗಲೇ ಕಥೆ ಶುರುವಾಗಿರುತ್ತದೆ. ಯಾರು ಮೊದಲು ನೋಡಿದ್ದು, ಯಾರು ಹೆದರಿ ಕೆಮ್ಮಿದ್ದು, ಯಾರ ಗುರಿ ಸರಿ. ಆ ಕಥೆಯಲ್ಲಿ ಅವನ ಹೆಸರೂ ಬರುತ್ತದೆ. ಮುಂದಿನ ಹಬ್ಬದವರೆಗೆ ಆ ಕಥೆ ಊರಿನಲ್ಲಿ ಓಡಾಡುತ್ತದೆ.

ಊರು ಬಿಟ್ಟು ಹೋದ ಹುಡುಗನಿಗೆ ಇದರ ಬೆಲೆ ಎಷ್ಟು ಅಂತ ಯೋಚಿಸಿ. ಅವನ ಜೊತೆ ಶಾಲೆಗೆ ಹೋದವರು ಊರಿನಲ್ಲೇ ಉಳಿದಿದ್ದಾರೆ. ಅಡಿಕೆ ಕೊನೆ ತೆಗೆಯುವುದು ಅವರಿಗೆ ಗೊತ್ತು, ಪಂಚಾಯಿತಿ ರಾಜಕೀಯ ಗೊತ್ತು, ಯಾರ ಮನೆಯಲ್ಲಿ ಏನಾಯಿತು ಗೊತ್ತು. ಇವನು ನಾಲ್ಕು ದಿನಕ್ಕೆ ಬರುತ್ತಾನೆ. 'ಬೆಂಗಳೂರಿನವನು ಬಂದ' ಅನ್ನಿಸಿಕೊಳ್ಳುತ್ತಾನೆ. ಮತ್ತೆ ಊರಿನವನಾಗುವುದಕ್ಕೆ ಅವನಿಗೆ ಬೇಗ ಸಿಗುವ ದಾರಿ ಆ ಒಂದು ರಾತ್ರಿ. ಊರಲ್ಲಿ ಉಳಿದವನಿಗೂ ಇದೇ ಲೆಕ್ಕ, ತಿರುಗಿಸಿ ಹಾಕಿದ್ದು. ಸಂಬಳದಲ್ಲಿ, ಓದಿನಲ್ಲಿ ಹಿಂದೆ ಬಿದ್ದವನು ಕಾಡಿನಲ್ಲಿ ಮುಂದೆ ನಡೆಯುತ್ತಾನೆ. 'ಸದ್ದು ಮಾಡ್ಬೇಡ, ನನ್ನ ಹಿಂದೆ ಬಾ' ಅಂತ ಇಂಜಿನಿಯರಿಗೆ ಹೇಳುವ ಅಧಿಕಾರ ಅವನಿಗೆ ಬೇರೆಲ್ಲೂ ಸಿಗುವುದಿಲ್ಲ. ಇಬ್ಬರಿಗೂ ಆ ರಾತ್ರಿ ಬೇಕು. ಜಿಂಕೆ ಅದಕ್ಕೆ ಬಲಿ.

ಅಮೆರಿಕದ ಅಧ್ಯಯನಗಳೂ ಇದನ್ನು ಗುರುತಿಸಿವೆ. ಗೆಳೆಯರ ಸಂಗ, ಏನನ್ನೋ ಸಾಧಿಸಿದ ಹೆಮ್ಮೆ, ಕಾಡಿನಲ್ಲಿ ಇರುವ ಖುಷಿ, ಈ ಮೂರನ್ನು ಅಲ್ಲಿನ ಬೇಟೆಗಾರರು ಮತ್ತೆ ಮತ್ತೆ ಹೇಳುತ್ತಾರೆ.

ಹೆಮ್ಮೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಒಳ್ಳೆಯ ಬೇಟೆಗಾರನಿಗೆ ಇರುವ ಕಾಡಿನ ತಿಳಿವಳಿಕೆ ಸಣ್ಣದಲ್ಲ. ಗೊರಸಿನ ಗುರುತು ನೋಡಿ ಎಷ್ಟು ಹೊತ್ತಿನ ಹಿಂದೆ ಹೋದದ್ದು ಅಂತ ಹೇಳುತ್ತಾರೆ. ಹಿಕ್ಕೆ ನೋಡಿ ಕಡವೆಯೋ ಜಿಂಕೆಯೋ ಕಾಡುಕುರಿಯೋ ಹೇಳುತ್ತಾರೆ. ಕಡವೆ ಕೂಗಿದ ರೀತಿಯಲ್ಲೇ ಹತ್ತಿರ ಹುಲಿ, ಚಿರತೆ ಇದೆಯೇ ಅಂತ ಊಹಿಸುತ್ತಾರೆ. ಗಾಳಿ ಯಾವ ಕಡೆ, ನೀರು ಎಲ್ಲಿ ಉಳಿದಿದೆ, ಯಾವ ಮರ ಯಾವಾಗ ಕಾಯಿ ಬಿಡುತ್ತದೆ, ಎಲ್ಲ ಗೊತ್ತು. ಇದನ್ನು ಕಲಿಯಲು ವರ್ಷಗಳು ಬೇಕು. ಈ ತಿಳಿವಳಿಕೆಯ ಬಗ್ಗೆ ನನಗೆ ನಿಜವಾದ ಗೌರವ ಇದೆ. ಅರಣ್ಯ ಇಲಾಖೆಯ ಒಳ್ಳೆಯ ವಾಚರ್‌ಗಳಲ್ಲಿ ಇಂಥ ಮನೆಗಳಿಂದ ಬಂದವರು ಇದ್ದಾರೆ. 'ಕೊಲೆಗಡುಕ' ಅಂತ ಬೈದರೆ ಈ ಮನುಷ್ಯ ಕಿವಿ ಮುಚ್ಚಿಕೊಳ್ಳುತ್ತಾನೆ. ಅವನು ಹೆಮ್ಮೆಪಡುವ ವಿಷಯದಲ್ಲೇ ನೀವು ಅವಮಾನ ಮಾಡಿದ ಹಾಗೆ ಆಗುತ್ತದೆ.

ಹಾಗಾದರೆ ಹಕ್ಕಿ ಸಾಕುತ್ತಿದ್ದ ಹುಡುಗ ಇದನ್ನು ಹೇಗೆ ಮಾಡುತ್ತಾನೆ? ನಿಮ್ಮ ಪ್ರಶ್ನೆಯಲ್ಲಿ ನಿಮಗೆ ಜಾಸ್ತಿ ನೋವಾಗಿರುವುದು ಇದೇ ಅಂತ ನನಗೆ ಅನ್ನಿಸಿತು. ಅವನ ದಯೆ ಎಲ್ಲೂ ಹೋಗಿಲ್ಲ. ಗುಂಪಿನಲ್ಲಿ ಕೆಲಸ ಹಂಚಿಹೋಗಿರುತ್ತದೆ. ಒಬ್ಬ ಬೆಳಕು ಬಿಟ್ಟ, ಒಬ್ಬ ಗಾಡಿ ಓಡಿಸಿದ, ಒಬ್ಬ ಹೊಡೆದ, ಒಬ್ಬ ಕೊಯ್ದ. ಕೊಂದದ್ದು ಯಾರು ಅಂದರೆ ಯಾರೂ ಅಲ್ಲ. ಬೇಟೆ ಬಿಟ್ಟ ಹಲವರು ನನಗೆ ಹೇಳಿದ ಮಾತು ಒಂದೇ ರೀತಿ ಇದೆ. ಒಬ್ಬನೇ ಇದ್ದಾಗ, ಹತ್ತಿರದಿಂದ, ಇನ್ನೂ ಜೀವ ಇದ್ದ ಪ್ರಾಣಿಯನ್ನು ನೋಡಿದ ಮೇಲೆ ಮತ್ತೆ ಕೋವಿ ಮುಟ್ಟಲಿಲ್ಲ ಅನ್ನುತ್ತಾರೆ.

ಮೊಬೈಲಿನಲ್ಲಿ ಅಮೆರಿಕದ ಬೇಟೆ ವಿಡಿಯೊ ತೋರಿಸಿ 'ಅಲ್ಲಿ ಸರ್ಕಾರವೇ ಬಿಡುತ್ತೆ' ಅಂತ ವಾದ ಮಾಡುವ ಹುಡುಗರು ತುಂಬಾ ಇದ್ದಾರೆ. ನಿಮ್ಮ ತಮ್ಮನೂ ಹೇಳಬಹುದು. ಅಲ್ಲಿ ಬಿಡುವುದು ನಿಜ. ಅಲ್ಲಿ ಬಿಳಿಬಾಲದ ಜಿಂಕೆ 1900ರ ಹೊತ್ತಿಗೆ ಮಾಂಸ ವ್ಯಾಪಾರದ ಬೇಟೆಯಿಂದ ಕೆಲವೇ ಲಕ್ಷಕ್ಕೆ ಇಳಿದಿತ್ತು. ಕಟ್ಟುನಿಟ್ಟಿನ ಕಾನೂನು ತಂದರು. 1937ರಲ್ಲಿ ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೇ ಮೀಸಲಿಡುವ ಕಾಯ್ದೆ ಮಾಡಿದರು. ಈಗ ಆ ಜಿಂಕೆ ಕೋಟಿಗಳ ಲೆಕ್ಕದಲ್ಲಿದೆ. ಅದನ್ನು ತಿನ್ನುವ ತೋಳ, ಪೂಮಾಗಳನ್ನು ಬಹಳ ಕಡೆ ಅವರು ಹಿಂದೆಯೇ ನಿರ್ನಾಮ ಮಾಡಿಬಿಟ್ಟಿದ್ದಾರೆ. ಅದಕ್ಕೇ ಇಷ್ಟು ದಿನ, ಇಷ್ಟು ಪ್ರಾಣಿ ಅಂತ ಲೆಕ್ಕ ಹಾಕಿ ಪರವಾನಗಿ ಕೊಡುತ್ತಾರೆ.

ನಮ್ಮ ಕಾಡಿನ ಲೆಕ್ಕವೇ ಬೇರೆ. ಇಲ್ಲಿ ತಿನ್ನುವವರು ಇನ್ನೂ ಇದ್ದಾರೆ. ಹುಲಿ, ಚಿರತೆ, ಕೆನ್ನಾಯಿ ಮೂರೂ ಒಂದೇ ಕಾಡಿನಲ್ಲಿ ಬದುಕಿರುವ ಜಾಗ ಭದ್ರಾ ಅಭಯಾರಣ್ಯದ ಸುತ್ತಮುತ್ತ ಇದೆ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿ ಬೇಕು. ಕಾಡು ಬರಿದಾಗದೆ ಅಷ್ಟು ಸಿಗಬೇಕಾದರೆ ಅಲ್ಲಿ ಸುಮಾರು 500 ಇರಬೇಕು. ಹುಲಿ ತಜ್ಞ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ವಿವರಿಸಿದ ಲೆಕ್ಕ ಇದು. ಕಡವೆ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಸುಮಾರು ಎಂಟು ತಿಂಗಳು ಹೊರುತ್ತದೆ. ಹಂದಿಯ ಹಾಗೆ ಬೇಗ ಬೇಗ ತುಂಬಿಕೊಳ್ಳುವ ಪ್ರಾಣಿ ಅಲ್ಲ ಅದು. ವನ್ಯಜೀವಿ ಸಂಶೋಧಕ ಎಂ. ಡಿ. ಮಧುಸೂದನ್ ಮತ್ತು ಕಾರಂತರು ನಾಗರಹೊಳೆ, ಕುದುರೆಮುಖದಲ್ಲಿ ಸ್ಥಳೀಯ ಬೇಟೆಯ ಬಗ್ಗೆ ಮಾಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಬೇಟೆ ನಡೆಯುವ ಜಾಗದಲ್ಲಿ ದೊಡ್ಡ ಪ್ರಾಣಿಗಳು ಎಷ್ಟು ಕಡಿಮೆಯಾಗುತ್ತವೆ ಅನ್ನುವುದನ್ನು ಅದು ತೋರಿಸಿತು. ಮರ ಹಾಗೇ ಇರುತ್ತದೆ, ಹಸಿರು ಹಾಗೇ ಇರುತ್ತದೆ, ಒಳಗೆ ಪ್ರಾಣಿ ಇರುವುದಿಲ್ಲ. ಕಾಡಿನಲ್ಲಿ ಊಟ ಕಡಿಮೆಯಾದ ಚಿರತೆಗೆ ಊರಿನ ನಾಯಿ, ಕೊಟ್ಟಿಗೆಯ ಕರುವೇ ಗತಿ. ಆಗ ಊರಿನವರು 'ಚಿರತೆ ಹಿಡೀರಿ' ಅಂತ ಬೋನು ಕೇಳುತ್ತಾರೆ.

ಕಾನೂನಿನ ವಿಷಯ ನಿಮಗೆ ಸ್ಪಷ್ಟವಾಗಿ ಗೊತ್ತಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಡವೆ, ಚುಕ್ಕೆ ಜಿಂಕೆ, ಕಾಡುಕುರಿ, ಬರಿಂಕ (ಮೊಲದಷ್ಟು ಗಾತ್ರದ ಪುಟ್ಟ ಜಿಂಕೆ) ಎಲ್ಲಕ್ಕೂ ರಕ್ಷಣೆ ಇದೆ. ಲೈಸೆನ್ಸ್ ಪಡೆದು ಬೇಟೆಯಾಡುವ ಅವಕಾಶ 1991ರ ತಿದ್ದುಪಡಿಯಲ್ಲೇ ಹೋಯಿತು. 2022ರಲ್ಲಿ ಮತ್ತೆ ತಿದ್ದುಪಡಿಯಾಗಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಈಗ ಸಾಮಾನ್ಯ ಅಪರಾಧಕ್ಕೇ ಮೂರು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಪ್ರಾಣಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದ್ದರೆ, ಅಥವಾ ಬೇಟೆ ಅಭಯಾರಣ್ಯದ ಒಳಗೆ ನಡೆದಿದ್ದರೆ ಕಡಿಮೆ ಅಂದರೂ ಮೂರು ವರ್ಷ, ಏಳು ವರ್ಷದವರೆಗೂ ಹೋಗಬಹುದು. ದಂಡ 25,000ಕ್ಕಿಂತ ಕಡಿಮೆ ಇಲ್ಲ. ಜೀಪು, ಕೋವಿ ಸರ್ಕಾರದ ಪಾಲಾಗುತ್ತವೆ. 'ನಾನು ಹೊಡೆದಿಲ್ಲ, ಜೊತೆಗೆ ಹೋಗಿದ್ದೆ ಅಷ್ಟೇ' ಅನ್ನುವುದು ನಡೆಯುವುದಿಲ್ಲ, ನೆರವಾದವನೂ ಅಪರಾಧಿಯೇ. ಮಾಂಸ ಮನೆಯಲ್ಲಿ ಸಿಕ್ಕರೆ ಅದು ಅಕ್ರಮವಲ್ಲ ಅಂತ ತೋರಿಸುವ ಹೊಣೆ ಮನೆಯವರ ಮೇಲೆ ಬೀಳುತ್ತದೆ. ಕೋವಿಯ ಲೈಸೆನ್ಸ್ ನಿಮ್ಮ ತಂದೆಯವರ ಹೆಸರಿನಲ್ಲಿದ್ದರೆ, ಮಗ ಒಯ್ದರೂ ತೊಂದರೆ ತಂದೆಗೂ ಬರುತ್ತದೆ. ಬೆಳೆ ರಕ್ಷಣೆಗೆ ಕೊಟ್ಟ ಕೋವಿ ಬೇಟೆಗೆ ಹೋಗುವಂತಿಲ್ಲ.

ಆದರೂ ಮಾತು ಕಾನೂನಿನಿಂದ ಶುರು ಮಾಡಬೇಡಿ. ಅವನಿಗೆ ಇದೆಲ್ಲ ಗೊತ್ತು. ಬೇಟೆಯ ಮಾರನೇ ದಿನವೂ ಬೇಡ, ಆಗ ಅವನು ವಾದಕ್ಕೆ ತಯಾರಾಗೇ ಇರುತ್ತಾನೆ. ಅವನು ಬೆಂಗಳೂರಿಗೆ ಹೋದ ಮೇಲೆ ಫೋನಿನಲ್ಲೋ, ಮುಂದಿನ ಸಲ ಬಂದಾಗ ಹಗಲು ಹೊತ್ತಿನಲ್ಲೋ, ಅವನೊಬ್ಬನೇ ಇದ್ದಾಗ ಒಂದೇ ಪ್ರಶ್ನೆ ಕೇಳಿ. 'ನೀನು ಹೋಗದಿದ್ರೆ ಅವ್ರು ಏನಂತಾರೆ?' ಉತ್ತರ ಬರಲು ಸಮಯ ಹಿಡಿಯಬಹುದು. ಆ ಉತ್ತರದಲ್ಲಿ ನಿಮಗೆ ಬೇಕಾದದ್ದು ಇರುತ್ತದೆ. ಹೆದರುಪುಕ್ಕಲ ಅಂತಾರೆ, ದೊಡ್ಡ ಮನುಷ್ಯ ಆದ ಅಂತಾರೆ, ಮುಂದಿನ ಸಲ ಕರೆಯಲ್ಲ ಅಂತಾರೆ. ಅವನಿಗೆ ಇರುವ ಹೆದರಿಕೆ ಇದು.

ಅದಕ್ಕೆ ಅವನಿಗೆ ಮರ್ಯಾದೆ ಹೋಗದ ಹಾಗೆ 'ಇಲ್ಲ' ಅನ್ನಲು ಒಂದು ನೆಪ ಬೇಕು. ಐಟಿ ಕೆಲಸದವರಿಗೆ ಅದು ಸುಲಭ. ಕಂಪನಿಯವರು ಹಿನ್ನೆಲೆ ಪರಿಶೀಲನೆ ಮಾಡಿಸುತ್ತಾರೆ, ಪಾಸ್‌ಪೋರ್ಟಿಗೆ ಪೊಲೀಸ್ ವೆರಿಫಿಕೇಷನ್ ಇರುತ್ತದೆ, ಒಂದು ಕೇಸ್ ಆದರೆ ಕೆಲಸಕ್ಕೆ ಕಷ್ಟ. ಇದು ನಿಜವೂ ಹೌದು, ಗೆಳೆಯರು ಒಪ್ಪುವ ಮಾತೂ ಹೌದು. 'ಪಾಪ, ಅವ್ನಿಗೆ ಕೆಲಸದ ತೊಂದ್ರೆ' ಅಂತ ಅವರೇ ಬಿಟ್ಟುಬಿಡುತ್ತಾರೆ. ಗುಂಪಿನಿಂದ ಹೊರಬಂದ ಹುಡುಗರಲ್ಲಿ ತತ್ವ ಹೇಳಿ ಬಂದವರನ್ನು ನಾನು ಕಂಡದ್ದು ಕಡಿಮೆ. ನೆಪ ಹೇಳಿ ಬಂದವರು ಜಾಸ್ತಿ. ತತ್ವ ಆಮೇಲೆ ತಾನಾಗೇ ಬಂತು.

ಗೆಳೆಯರನ್ನು ಮಾತ್ರ ಬಿಡಿಸಲು ಹೋಗಬೇಡಿ. ಆ ಸಂಗ ಅವನಿಗೆ ಬೇಕು, ಊರಿಗೂ ಬೇಕು. ಜಾಗ ಬದಲಾಯಿಸಿ. ಬೇಸಿಗೆಯಲ್ಲಿ ಸೊರಬ, ಸಾಗರದ ಕಡೆ ಕೆರೆಬೇಟೆ ನಡೆಯುತ್ತದಲ್ಲ, ಮೀನು ಹಿಡಿಯುವ ಬಿದಿರಿನ ಕೂಣಿ ಹಿಡಿದು ಊರಿಗೆ ಊರೇ ಕೆರೆಗೆ ಇಳಿಯುತ್ತದೆ. ಕೆಸರು, ಕೂಗಾಟ, ಯಾರಿಗೆ ದೊಡ್ಡ ಮೀನು ಸಿಕ್ಕಿತು ಎಂಬ ಕಥೆ, ಪಾಲು, ಎಲ್ಲ ಅಲ್ಲೂ ಇದೆ. ರಜೆಯನ್ನು ಅದಕ್ಕೆ ಹೊಂದಿಸಿಕೊಂಡು ಬಾ ಅನ್ನಿ, ಗೆಳೆಯರನ್ನೂ ಅವನೇ ಕರೆದುಕೊಂಡು ಹೋಗಲಿ. ಕಾಡಿನ ಹುಚ್ಚು ನಿಜವಾಗಿ ಇದ್ದವನಾದರೆ ಇನ್ನೊಂದು ದಾರಿಯೂ ಇದೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಯಲ್ಲಿ ಹೆಜ್ಜೆ ಗುರುತು, ಹಿಕ್ಕೆ ಎಲ್ಲವನ್ನೂ ದಾಖಲಿಸುತ್ತಾರೆ. ಅವನ ಆ ಮುಂದೆ ನಡೆಯುವ ಗೆಳೆಯನ ಕಣ್ಣು ಅಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ನಿಮ್ಮ ವಲಯದ ಅರಣ್ಯ ಕಚೇರಿಯಲ್ಲಿ ಸ್ವಯಂಸೇವಕರಿಗೆ ಅವಕಾಶ ಇದೆಯಾ ಅಂತ ಕೇಳಿ ನೋಡಿ. (ನವೆಂಬರಿನಿಂದ ಮೇ ತನಕ ಯಾವ ಕಾರಣಕ್ಕೆ ಕಾಡಿಗೆ ಹೋದರೂ ಉಣುಗಿನ ಬಗ್ಗೆ ಎಚ್ಚರ ಇರಲಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ, ಉಣುಗಿನಿಂದ ಹರಡುವ ಮಂಗನಕಾಯಿಲೆ ನಮ್ಮ ಜಿಲ್ಲೆಯನ್ನು ಇನ್ನೂ ಬಿಟ್ಟಿಲ್ಲ.)

ಮನೆಯೊಳಗೆ ನಿಮ್ಮ ಕೈಯಲ್ಲಿ ಎರಡು ವಿಷಯ ಇವೆ. ಒಂದು ಕೋವಿ. ತಂದೆಯವರ ಹತ್ತಿರ ಮಾತಾಡಿ, ಅದು ಬೀಗದಲ್ಲಿ ಇರಲಿ, ಕೀಲಿ ಅವರ ಹತ್ತಿರವೇ ಇರಲಿ. ಎರಡನೆಯದು ಒಲೆ. ಕಾಡಿನ ಮಾಂಸವನ್ನು ತರುವವರು ಗಂಡಸರು, ಬೇಯಿಸುವವರು ಮನೆಯ ಹೆಂಗಸರು. ಅಮ್ಮ, ಅತ್ತಿಗೆ, ನೀವು ಸೇರಿ 'ಇದು ನಮ್ಮ ಒಲೆ ಮೇಲೆ ಏರಲ್ಲ' ಅಂತ ಒಂದು ಸಲ ಗಟ್ಟಿಯಾಗಿ ಹೇಳಿ. ಜಗಳ ಬೇಡ. ಬೈಗುಳ ಬೇಡ. ಪಾಲು ತಂದರೆ ಮುಟ್ಟಬೇಡಿ. ಮನೆಯವರು ತಿನ್ನದ ಪಾಲಿಗೆ ಹೆಮ್ಮೆ ಉಳಿಯುವುದಿಲ್ಲ. ನಾನು ಕಂಡ ಊರುಗಳಲ್ಲಿ ಗಾರ್ಡಿನ ಹೆದರಿಕೆಯಿಂದ ನಿಂತ ಬೇಟೆಗಿಂತ ಅಡುಗೆಮನೆಯಿಂದ ನಿಂತ ಬೇಟೆಯೇ ಹೆಚ್ಚು ಕಾಲ ನಿಂತಿದೆ.

ಕೊನೆಗೆ ಒಂದು ವಿಷಯ ಮಾತ್ರ ಖಚಿತ ಮಾಡಿಕೊಳ್ಳಿ. ಆ ಗುಂಪಿನಲ್ಲಿ ಯಾರಾದರೂ ಮಾಂಸವನ್ನೋ ಕೊಂಬನ್ನೋ ಮಾರುತ್ತಿದ್ದಾರಾ? ಹೊರಗಿನ ಗಾಡಿ ಬರುತ್ತಾ? ಉರುಳು ಹಾಕಿ, ಬೇಲಿಗೆ ಕರೆಂಟು ಕೊಟ್ಟು ಹಿಡಿಯುವುದು ಶುರುವಾಗಿದೆಯಾ? ಹಾಗಿದ್ದರೆ ಅದು ಗೆಳೆಯರ ಗುಂಪು ಅಲ್ಲ, ದಂಧೆ. ಮೇಲೆ ಹೇಳಿದ ನೆಪ, ಒಲೆ, ಕೆರೆಬೇಟೆ ಯಾವುದೂ ಅಲ್ಲಿ ಕೆಲಸ ಮಾಡುವುದಿಲ್ಲ. ದುಡ್ಡು ಮಾಡುವವನಿಗೆ ನಿಮ್ಮ ತಮ್ಮ ಬೇಕಾಗಿರುವುದು ಸಿಕ್ಕಿಬಿದ್ದಾಗ ಮುಂದೆ ನಿಲ್ಲಿಸಲು. ಆಗ ಅವನಿಗೆ ಇದನ್ನು ನೇರವಾಗಿ ಹೇಳಿ, ಆ ಹಬ್ಬಕ್ಕೆ ಊರಿಗೆ ಬರುವುದೇ ಬೇಡ ಅನ್ನಿ, ನೀವೇ ಬೆಂಗಳೂರಿಗೆ ಹೋಗಿ ಅವನ ಜೊತೆ ಹಬ್ಬ ಮಾಡಿ.